ಆ 55 ಎಚ್‌ಪಿ ಎಲ್ಲಿಂದ ಬಂತು?

ಪ್ರಿಯ ಲೇಖಕರೇ,

‘ಟರ್ಬೊ ಇಲ್ಲದ ಸ್ಪೋರ್ಟ್ಸ್ ಕಾರಿಗೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಪವರ್: ಹತ್ತು ದಾರಿಗಳು’ ಎಂಬ ನಿಮ್ಮ ಬರಹವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನವಿದೆ. ಐದನೇ ಪುಟದಲ್ಲಿ ಒಂದೇ ಒಂದು ಪ್ಯಾರಾ ಜಾಗದಲ್ಲಿ ಮುದುಡಿಕೊಂಡು ಕೂತಿದೆ. ಅದು ಹೊರಗೆ ಬರಲಿ ಅನ್ನುವ ಆಸೆಯಿಂದ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ದೊಡ್ಡ ತಕರಾರು. ಕೋಲ್ಡ್ ಏರ್ ಇಂಟೇಕ್‌ಗೆ (ಗಾಳಿ ಎಳೆಯುವ ಕೋನ್ ಫಿಲ್ಟರ್) 15 ಎಚ್‌ಪಿ (ಅಶ್ವಶಕ್ತಿ), ಫ್ರೀ ಫ್ಲೋ ಎಕ್ಸಾಸ್ಟ್‌ಗೆ (ಅಡ್ಡಿ ಕಡಿಮೆಯ ಸೈಲೆನ್ಸರ್) 15, ಇಸಿಯು ರೀಮ್ಯಾಪ್‌ಗೆ (ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕ ಬದಲಿಸುವುದು) 20, ಇರಿಡಿಯಂ ಪ್ಲಗ್‌ಗೆ 5 ಎಂದು ಬರೆದು, ಕೊನೆಯಲ್ಲಿ ಒಟ್ಟು 55 ಎಂದು ಕೂಡಿಸಿದ್ದೀರಿ. ನಿಮ್ಮ ಬಳಿ ಇರುವುದು 1.8 ಲೀಟರ್ ಎಂಜಿನ್ನಿನ ಹಳೆಯ ಹೊಂಡಾ ಸಿವಿಕ್. ಕಂಪನಿ ಹೇಳಿದ್ದು 6,300 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) 132. ನಿಮ್ಮ ಲೆಕ್ಕದ ಪ್ರಕಾರ ಅದೀಗ 187 ಆಗಬೇಕು.

ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಪವರ್ ಅಂದರೆ ಟಾರ್ಕ್ (ತಿರುಗಿಸುವ ಬಲ) ಗುಣಿಸು ಆರ್‌ಪಿಎಂ. ಎನ್‌ಎಂ (ನ್ಯೂಟನ್ ಮೀಟರ್) ಲೆಕ್ಕದ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಅದನ್ನೇ ತಿರುಗಿಸಿದರೆ, 6,300ರಲ್ಲಿ 187 ಎಚ್‌ಪಿ ಬರಲು ಎಂಜಿನ್ ಅಲ್ಲಿ ಸುಮಾರು 210 ಎನ್‌ಎಂ ಟಾರ್ಕ್ ಕೊಡಬೇಕು. ನಿಮ್ಮ ಸಿವಿಕ್‌ನ ಗರಿಷ್ಠ ಟಾರ್ಕೇ 172, ಅದೂ 4,300ರಲ್ಲಿ. ಲೀಟರಿಗೆ ಹಂಚಿ ನೋಡಿದರೆ ನೀವು ಕೇಳುತ್ತಿರುವುದು ಸುಮಾರು 116 ಎನ್‌ಎಂ. 2021ರಲ್ಲಿ ಬಂದ ಪೋರ್ಷೆ 911 ಜಿಟಿ3ಯ ನಾಲ್ಕು ಲೀಟರ್ ಎಂಜಿನ್, 9,000 ಆರ್‌ಪಿಎಂವರೆಗೆ ತಿರುಗುವ ಆ ಎಂಜಿನ್, ಕೊಟ್ಟದ್ದು 470 ಎನ್‌ಎಂ. ಲೀಟರಿಗೆ 117. ಒಂದು ಕೋನ್ ಫಿಲ್ಟರ್, ಒಂದು ಸೈಲೆನ್ಸರ್, ನಾಲ್ಕು ಪ್ಲಗ್‌ಗಳಿಂದ ನಿಮ್ಮ ಸಿವಿಕ್ ಅಲ್ಲಿಗೆ ತಲುಪಿತು ಎಂದು ಓದುಗರಿಗೆ ಹೇಳುತ್ತಿದ್ದೀರಿ. ಆ ಅಂಕಿಗಳು ಪಾರ್ಟ್ ಮಾರುವವರ ಡಬ್ಬಿಯ ಮೇಲಿನವು ಎಂದು ನನಗೆ ಅನುಮಾನ. ಅಳೆದವರು ಯಾರು, ಯಾವ ಕಾರಿನಲ್ಲಿ, ಯಾವ ಡೈನೊದಲ್ಲಿ (ಪವರ್ ಅಳೆಯುವ ಯಂತ್ರ) ಎಂಬುದು ಎಲ್ಲೂ ಇಲ್ಲ.

ಇನ್ನೊಂದು ವಿಷಯ: ಈ ಲಾಭಗಳು ಕೂಡಿಸಿದ ಹಾಗೆ ಕೂಡುವುದಿಲ್ಲ. ಫಿಲ್ಟರಿನಿಂದ ಸೈಲೆನ್ಸರಿನ ತುದಿವರೆಗೆ ಹರಿಯುವುದು ಒಂದೇ ಗಾಳಿ. ಎಲ್ಲಿ ದಾರಿ ಹೆಚ್ಚು ಇಕ್ಕಟ್ಟೋ ಅಲ್ಲಿಯದೇ ಮಾತು ನಡೆಯುತ್ತದೆ. ಅಲ್ಲಿ ಮುಟ್ಟದೆ ಉಳಿದ ಕಡೆಯೆಲ್ಲ ಅಗಲ ಮಾಡಿದರೆ ಶಬ್ದ ಮಾತ್ರ ಹೆಚ್ಚಾಗುತ್ತದೆ.

ರೀಮ್ಯಾಪ್‌ನಿಂದ ಶೇ 30ರವರೆಗೆ ಏರಿಕೆ ಎಂದಿದ್ದೀರಲ್ಲ, ಅದು ಟರ್ಬೊ ಕಾರಿನ ಅಂಕಿ. ಅಲ್ಲಿ ಇಸಿಯು ಇನ್ನಷ್ಟು ಬೂಸ್ಟ್ ಕೇಳಬಹುದು, ಟರ್ಬೊ ಇನ್ನಷ್ಟು ಗಾಳಿ ತುರುಕುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ವಾತಾವರಣದ ಒತ್ತಡವೇ ಗತಿ. ಟ್ಯೂನರ್‌ಗೆ ಅಲ್ಲಿ ಉಳಿಯುವುದು ಇಗ್ನಿಷನ್ ಟೈಮಿಂಗ್ (ಪ್ಲಗ್ಗಿನ ಕಿಡಿ ಹಾರುವ ಹೊತ್ತು) ಮತ್ತು ಪೆಟ್ರೋಲ್ ಪ್ರಮಾಣ. ಎರಡನ್ನೂ ಕಂಪನಿಯವರು ಆಗಲೇ ಬಹುಮಟ್ಟಿಗೆ ಹದ ಮಾಡಿರುತ್ತಾರೆ. ಶೇ 3ರಿಂದ 5 ಸಿಕ್ಕರೆ ಅದೇ ಒಳ್ಳೆಯ ಕೆಲಸ. ಇದನ್ನು ಬಿಚ್ಚಿ ಹೇಳಿದರೆ ಓದುಗರ ದುಡ್ಡು ಉಳಿಯುತ್ತದೆ.

ನಿಮ್ಮ ಬರಹದಲ್ಲಿ ಮಾಜ್ದಾ ಎಂಎಕ್ಸ್-5 ಮತ್ತೆ ಮತ್ತೆ ಬರುತ್ತದೆ. ನಮ್ಮಲ್ಲಿ ಶೋರೂಮಿಗೆ ಹೋಗಿ ಕೊಳ್ಳಲಾಗದ ಕಾರು ಅದು. ಬೆಲೆಗಳೆಲ್ಲ ಡಾಲರಿನಲ್ಲಿವೆ. ಆದರೂ ಆ ಕಾರನ್ನು ಒಂದು ಕಾರಣಕ್ಕೆ ಉಳಿಸಿಕೊಳ್ಳಿ ಅನ್ನುತ್ತೇನೆ, ಏಕೆಂದರೆ ನಿಮ್ಮ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. 2019ರ ಮಾದರಿಯಲ್ಲಿ ಮಾಜ್ದಾ ಅದರ ಎರಡು ಲೀಟರ್ ಎಂಜಿನ್ನನ್ನು 155ರಿಂದ 181 ಎಚ್‌ಪಿಗೆ ಏರಿಸಿತು, ಟರ್ಬೊ ಇಲ್ಲದೆಯೇ. ಅದಕ್ಕಾಗಿ ಪ್ರತಿ ಪಿಸ್ಟನ್ನಿನಿಂದ 27 ಗ್ರಾಂ, ಪ್ರತಿ ಕನೆಕ್ಟಿಂಗ್ ರಾಡಿನಿಂದ 41 ಗ್ರಾಂ ತೂಕ ಇಳಿಸಿದರು. ಥ್ರಾಟಲ್ ಬಾಡಿ ದೊಡ್ಡದಾಯಿತು, ಎಕ್ಸಾಸ್ಟ್ ವಾಲ್ವ್ ದೊಡ್ಡದಾಯಿತು. ರೆಡ್‌ಲೈನ್ (ಎಂಜಿನ್ ತಿರುಗಬಹುದಾದ ಗರಿಷ್ಠ ಆರ್‌ಪಿಎಂ) 6,800ರಿಂದ 7,500ಕ್ಕೆ ಏರಿತು. ಈಗ ಅದೇ ಸೂತ್ರ ಹಾಕಿ. ಹಳೆಯದರಲ್ಲಿ ಗರಿಷ್ಠ ಪವರ್ ಬರುತ್ತಿದ್ದುದು 6,000ದಲ್ಲಿ, ಹೊಸದರಲ್ಲಿ 7,000ದಲ್ಲಿ. ಎರಡೂ ಕಡೆ ಆ ಬಿಂದುವಿನಲ್ಲಿ ಟಾರ್ಕ್ ಸುಮಾರು 184 ಎನ್‌ಎಂ! ಆ ಬಿಂದುವಿನಲ್ಲಿ ಟಾರ್ಕ್ ಹೆಚ್ಚಲಿಲ್ಲ, ಅದೇ ಟಾರ್ಕನ್ನು ಇನ್ನೊಂದು ಸಾವಿರ ಆರ್‌ಪಿಎಂ ಮೇಲಕ್ಕೆ ಹೊತ್ತೊಯ್ದರು, ಅಷ್ಟೇ. ಒಂದು ಇಡೀ ಕಾರ್ಖಾನೆಗೆ 26 ಎಚ್‌ಪಿಗಾಗಿ ಎಂಜಿನ್ನಿನ ಒಳಭಾಗವನ್ನೇ ಬದಲಿಸಬೇಕಾಯಿತು. ಇದನ್ನು ಮೊದಲ ಪುಟಕ್ಕೆ ತನ್ನಿ. ಅದನ್ನು ಓದಿದವರಿಗೆ ಹೊರಗಿನಿಂದ ಜೋಡಿಸುವ ಪಾರ್ಟುಗಳ ಮಿತಿ ತಾನಾಗಿ ತಿಳಿಯುತ್ತದೆ.

ನಿಮ್ಮ ಸ್ವಂತ ಕಾರಿನ ಬಗ್ಗೆ ಎರಡು ತಪ್ಪುಗಳಿವೆ. ಇವು ಅಚ್ಚಾದರೆ ಸಿವಿಕ್ ಇಟ್ಟುಕೊಂಡಿರುವ ಯಾರೇ ಆದರೂ ಅಲ್ಲೇ ಓದು ನಿಲ್ಲಿಸುತ್ತಾರೆ. ‘4-2-1 ಹೆಡ್ಡರ್ ಹಾಕಿ’ (ಹೊಗೆಯ ನಾಲ್ಕು ಕೊಳವೆ ಎರಡಾಗಿ, ಆಮೇಲೆ ಒಂದಾಗುವ ಜೋಡಣೆ) ಎಂದಿದ್ದೀರಿ. ಆ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನ ಒಳಗೇ ಎರಕವಾಗಿದೆ. ನಾಲ್ಕು ದಾರಿಗಳು ಹೆಡ್ಡಿನಲ್ಲೇ ಒಂದಾಗಿ ನೇರ ಕ್ಯಾಟಲಿಟಿಕ್ ಕನ್ವರ್ಟರಿಗೆ (ಹೊಗೆ ಶುದ್ಧ ಮಾಡುವ ‘ಕ್ಯಾಟ್’) ಬರುತ್ತವೆ. ಹೆಡ್ಡರ್ ಕೂರಿಸಲು ಅಲ್ಲಿ ಜಾಗವೇ ಇಲ್ಲ. ಎರಡನೆಯದು, ‘ವಿಟೆಕ್ ಎದ್ದಾಗ ಕಾರು ಹಾರುತ್ತದೆ’ ಎಂಬ ಸಾಲು (ವಿಟೆಕ್ ಅಂದರೆ ಹೊಂಡಾದ ವಾಲ್ವ್ ಬದಲಿಸುವ ವ್ಯವಸ್ಥೆ). ಈ 1.8ರಲ್ಲಿರುವ ಐ-ವಿಟೆಕ್ ಪೆಟ್ರೋಲ್ ಉಳಿಸಲಿಕ್ಕೆ ಮಾಡಿದ್ದು. ನಿಧಾನಕ್ಕೆ ಒಂದೇ ವೇಗದಲ್ಲಿ ಹೋಗುವಾಗ ಇಂಟೇಕ್ ವಾಲ್ವ್ ತಡವಾಗಿ ಮುಚ್ಚುವಂತೆ ಮಾಡುತ್ತದೆ. ಹಳೆಯ ಹೊಂಡಾ ಸಿಟಿ ವಿಟೆಕ್‌ನ ನೆನಪನ್ನು ಇದರ ಮೇಲೆ ಹೊರಿಸಬೇಡಿ.

ಈಗ ಆ ಐದನೇ ಪುಟಕ್ಕೆ ಬರುತ್ತೇನೆ. ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಿದ್ದಾಗ ಓಬಿಡಿ ರೀಡರಿನಿಂದ (ಕಾರಿನ ಸೆನ್ಸರುಗಳ ಅಂಕಿ ಓದುವ ಸಾಧನ) ಮೊಬೈಲ್‌ಗೆ ಬರುತ್ತಿದ್ದ ಇಂಟೇಕ್ ಗಾಳಿಯ ತಾಪಮಾನ 58 ಡಿಗ್ರಿ ತೋರಿಸುತ್ತಿತ್ತು, ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಹತ್ತಿ ವೇಗ ಸಿಕ್ಕ ಮೇಲೆ 34ಕ್ಕೆ ಇಳಿಯಿತು, ಕಾರಿನ ಎಳೆತವೇ ಬೇರೆಯಾಯಿತು ಎಂದು ಬರೆದಿದ್ದೀರಿ. ಬರೆದು ಅಲ್ಲಿಗೇ ಬಿಟ್ಟು ಪ್ಲಗ್ಗಿನ ಕಡೆ ಹೊರಟುಬಿಟ್ಟಿದ್ದೀರಿ!

ನಿಲ್ಲಬೇಕಾದದ್ದು ಅಲ್ಲೇ. ಗಾಳಿಯ ಸಾಂದ್ರತೆ ಕೆಲ್ವಿನ್ ತಾಪಮಾನಕ್ಕೆ ವಿಲೋಮ. 307ರಿಂದ 331 ಕೆಲ್ವಿನ್ನಿಗೆ ಹೋದರೆ ಅದೇ ಸಿಲಿಂಡರಿಗೆ ಶೇ 7ರಷ್ಟು ಕಡಿಮೆ ಆಮ್ಲಜನಕ. ಜೊತೆಗೆ ಬಿಸಿ ಗಾಳಿಗೆ ನಾಕಿಂಗ್ (ಕಿಡಿಯ ಉರಿ ತಲುಪುವ ಮೊದಲೇ ಪೆಟ್ರೋಲ್ ತಾನಾಗಿ ಸಿಡಿಯುವುದು) ಭಯದಿಂದ ಇಸಿಯು ಟೈಮಿಂಗ್ ಹಿಂದೆಳೆಯುತ್ತದೆ. ನಿಂತ ಕಾರಿನಲ್ಲಿ ಸೆನ್ಸರ್ ತಾನೇ ಕಾದು ಸ್ವಲ್ಪ ಹೆಚ್ಚು ತೋರಿಸುತ್ತದೆ ಎಂಬ ಎಚ್ಚರಿಕೆಯನ್ನೂ ಸೇರಿಸಿ. ಬಾನೆಟ್ಟಿನೊಳಗೆ ಬಿಚ್ಚಿಟ್ಟ ಕೋನ್ ಫಿಲ್ಟರ್ ಎಂಜಿನ್ನಿನ ಬಿಸಿಯನ್ನೇ ಹೀರುತ್ತದೆ. ಕಂಪನಿಯ ಕಪ್ಪು ಪ್ಲಾಸ್ಟಿಕ್ ಡಬ್ಬಿ ಮುಂದಿನ ಗ್ರಿಲ್ಲಿನ ಕಡೆಯಿಂದ ಹೊರಗಿನ ಗಾಳಿ ತರುತ್ತದೆ. ನಮ್ಮ ಊರಿನ ಟ್ರಾಫಿಕ್ಕಿನಲ್ಲಿ ನೀವು ಮೊದಲ ಸ್ಥಾನ ಕೊಟ್ಟ ಪಾರ್ಟು ಪವರ್ ಕಳೆಯುವ ಸಾಧ್ಯತೆಯೇ ಹೆಚ್ಚು. ನಿಮ್ಮ ಮೊಬೈಲಿನಲ್ಲೇ ಅದರ ಸುಳಿವು ಇತ್ತು.

ಇಷ್ಟಾದ ಮೇಲೂ ನಿಮ್ಮ ಹತ್ತೂ ದಾರಿಗಳಲ್ಲಿ ಬೆಂಗಳೂರೇ ಇಲ್ಲ. ನಾವು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದ್ದೇವೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 10ರಷ್ಟು ಕಡಿಮೆ. ನಿಮ್ಮ ಕಾರು ಆ 132 ಅನ್ನು ಈ ಊರಿನಲ್ಲಿ ಒಂದು ದಿನವೂ ಕೊಟ್ಟಿಲ್ಲ, ಹೊಸದಾಗಿದ್ದಾಗಲೂ 119–120ರ ಆಸುಪಾಸು ಇದ್ದಿರಬೇಕು. ಟರ್ಬೊ ಕಾರು ಒತ್ತಡದ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ, ನಿಮ್ಮದು ತುಂಬಿಕೊಳ್ಳಲಾರದು. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಕಾರು ಒಯ್ದರೆ, ಚೆನ್ನೈ ಸೆಕೆ 38 ಡಿಗ್ರಿ ಇದ್ದು ಇಲ್ಲಿ 26 ಇದ್ದರೂ, ಏನೂ ಬದಲಿಸದೆ ಅಲ್ಲಿ ಶೇ 6–7 ಹೆಚ್ಚು ಗಾಳಿ ಸಿಗುತ್ತದೆ. 1,478 ಮೀಟರಿನ ನಂದಿಬೆಟ್ಟದ ತುದಿಯಲ್ಲಿ ಕರಾವಳಿಗಿಂತ ಶೇ 15ಕ್ಕೂ ಹೆಚ್ಚು ಕಡಿಮೆ. ಬೆಳಗಿನ ಜಾವ ಅಲ್ಲಿಗೆ ಡ್ರೈವ್ ಹೋಗುವ ಎಷ್ಟು ಹುಡುಗರಿಗೆ ಇದು ಗೊತ್ತಿದೆ? ನಿಮ್ಮ ಲೇಖನದಿಂದ ಗೊತ್ತಾಗಲಿ.

ಡೈನೊ ಶೀಟಿನ ಮೋಸವೂ ಇಲ್ಲೇ ಅಡಗಿದೆ. ಡೈನೊ ಸಾಫ್ಟ್‌ವೇರ್ ಒತ್ತಡ, ತಾಪಮಾನ ನೋಡಿ ‘ಕರೆಕ್ಷನ್’ ಹಾಕುತ್ತದೆ. ಬೆಂಗಳೂರಿನಲ್ಲಿ ಆ ತಿದ್ದುಪಡಿಯೇ ಶೇ 8–10 ಆಗಬಹುದು. ಕೆಲಸಕ್ಕೆ ಮುಂಚಿನ ಓಟ ತಿದ್ದುಪಡಿ ಇಲ್ಲದೆ, ಆಮೇಲಿನದು ತಿದ್ದುಪಡಿ ಸೇರಿಸಿ ಅಂದರೆ ಒಂದು ಬೋಲ್ಟ್ ಮುಟ್ಟದೆಯೂ ಹತ್ತು ಹನ್ನೆರಡು ಎಚ್‌ಪಿ ಬಂದುಬಿಡುತ್ತದೆ. ಆದ್ದರಿಂದ ಎರಡೂ ಶೀಟು ಒಂದೇ ಡೈನೊದವು, ಒಂದೇ ಗೇರಿನವು, ಒಂದೇ ತಿದ್ದುಪಡಿಯವು ಆಗಿರಲಿ. ಚಕ್ರದಲ್ಲಿ ಅಳೆದದ್ದೋ ಎಂಜಿನ್ನಿನ ಅಂದಾಜೋ ಎಂಬುದನ್ನೂ ಹೇಳಿ.

ಕಡಿಮೆ ಖರ್ಚು ಎಂಬ ಮಾತನ್ನು ನಿಜ ಮಾಡುವ ಒಂದು ಪರೀಕ್ಷೆ ಹೇಳುತ್ತೇನೆ. ಎಸ್‌ಪಿ ರಸ್ತೆಯಲ್ಲಿ ಎರಡು ಮೂರು ಮೀಟರ್ ಪಾರದರ್ಶಕ ಟ್ಯೂಬ್ ಕೊಳ್ಳಿ. ಯು ಆಕಾರದಲ್ಲಿ ಹಿಡಿದು ಅರ್ಧ ನೀರು ತುಂಬಿಸಿ, ಒಂದು ತುದಿಯನ್ನು ಫಿಲ್ಟರಿಗೂ ಥ್ರಾಟಲ್‌ಗೂ ನಡುವೆ ಜೋಡಿಸಿ, ಇನ್ನೊಂದು ತುದಿ ಹೊರಗಿನ ಗಾಳಿಗೆ ತೆರೆದಿರಲಿ. ನೀರು ಎಂಜಿನ್ನಿಗೆ ಎಳೆದುಕೊಳ್ಳದಂತೆ ಟ್ಯೂಬನ್ನು ಸಾಕಷ್ಟು ಕೆಳಗೆ ಇಳಿಬಿಡಬೇಕು, ಪರೀಕ್ಷೆ ಡೈನೊ ಮೇಲೆಯೇ ಆಗಬೇಕು, ರಸ್ತೆಯಲ್ಲಿ ಬೇಡ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎರಡು ಕಡೆಯ ನೀರಿನ ಮಟ್ಟದಲ್ಲಿ ಪ್ರತಿ 10 ಸೆಂಟಿಮೀಟರ್ ವ್ಯತ್ಯಾಸಕ್ಕೆ ಒತ್ತಡ ಸುಮಾರು ಶೇ 1 ಇಳಿದಿದೆ ಎಂದರ್ಥ. 20 ಸೆಂಟಿಮೀಟರ್ ಬಂತು ಅನ್ನಿ: ಫಿಲ್ಟರನ್ನೇ ಕಿತ್ತೆಸೆದರೂ ಸಿಗುವುದು ಶೇ 2, ಅಂದರೆ ಎರಡೂವರೆ ಎಚ್‌ಪಿ. 15 ಎಲ್ಲಿಂದ ಬರಬೇಕು? ಈ ಪರೀಕ್ಷೆಯನ್ನು ಕನ್ನಡದಲ್ಲಿ ಯಾರಾದರೂ ಮಾಡಿ, ಫೋಟೋ ಸಮೇತ ಬರೆದರೆ ನಾನು ಸಂತೋಷದಿಂದ ಅಚ್ಚು ಹಾಕುತ್ತೇನೆ.

ಹಳೆಯ ಕಾರಿನಲ್ಲಿ ಮೊದಲು ಆಗಬೇಕಾದ ಕೆಲಸ ಕಳೆದುಹೋದ ಪವರನ್ನು ವಾಪಸ್ ತರುವುದು. ಈ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಕಂಪ್ರೆಷನ್ ಟೆಸ್ಟ್, ಟ್ಯಾಪೆಟ್ ಸೆಟ್ಟಿಂಗ್ (ಈ ಎಂಜಿನ್ನಿನಲ್ಲಿ ಅದನ್ನು ಕೈಯಿಂದಲೇ ಸರಿಮಾಡಬೇಕು, ಎಷ್ಟೋ ಗ್ಯಾರೇಜಿನವರು ಮುಟ್ಟುವುದೇ ಇಲ್ಲ), ಕೊಳೆ ಹಿಡಿದ ಥ್ರಾಟಲ್ ಬಾಡಿ, ಸುಸ್ತಾದ ಆಕ್ಸಿಜನ್ ಸೆನ್ಸರ್, ಜಾರುವ ಕ್ಲಚ್, ಕಟ್ಟಿಕೊಂಡ ಕ್ಯಾಟ್. ಇರಿಡಿಯಂ ಪ್ಲಗ್ ಕಂಪನಿಯೇ ಹಾಕಿ ಕೊಟ್ಟಿತ್ತು. ಸವೆದಿದ್ದರೆ ಹೊಸದು ಹಾಕಿದಾಗ ಕಳೆದದ್ದು ಮರಳುತ್ತದೆ, ಹೊಸದೇನೂ ಹುಟ್ಟುವುದಿಲ್ಲ. ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತಿದ್ದೇನೆ ಎಂದು ಬರೆದಿದ್ದೀರಲ್ಲ, ಆ ಬಿಲ್ಲುಗಳ ಮೊತ್ತ ಕೊಡಿ. ಶಿವಾಜಿನಗರದ ಗುಜರಿಯಲ್ಲಿ ಏನು ಸಿಕ್ಕಿತು, ಏನು ಕೈಕೊಟ್ಟಿತು, ಅದನ್ನೂ ಬರೆಯಿರಿ.

ಪೆಡಲ್ ಬಾಕ್ಸ್ ಬಗೆಗಿನ ಭಾಗ ತೆಗೆಯಿರಿ. ಅದು ಕಾಲಿನ ಒತ್ತಡಕ್ಕೆ ಥ್ರಾಟಲ್ ಎಷ್ಟು ಬೇಗ ತೆರೆಯಬೇಕು ಎಂಬುದನ್ನಷ್ಟೇ ಬದಲಿಸುತ್ತದೆ. 100 ಆಕ್ಟೇನ್ ಪೆಟ್ರೋಲಿನಿಂದ 10 ಎಚ್‌ಪಿ ಎಂಬುದನ್ನೂ ತೆಗೆಯಿರಿ. ಆಕ್ಟೇನ್ ಅಂದರೆ ನಾಕಿಂಗ್ ತಡೆಯುವ ಗುಣ. ನಾಕಿಂಗ್‌ನಿಂದ ಟೈಮಿಂಗ್ ಹಿಂದೆ ಸರಿದಿದ್ದರೆ ಮಾತ್ರ ಅಷ್ಟು ವಾಪಸ್ ಬರುತ್ತದೆ.

ನೀವು ಕಳಿಸಿದ ಫೋಟೋಗಳಲ್ಲಿ ಡಿಕ್ಕಿ ಕಾಣುತ್ತದೆ. ಅದರಲ್ಲಿ ದೊಡ್ಡ ವೂಫರ್ ಡಬ್ಬಿ, ಟೂಲ್ ಕಿಟ್, ಎರಡು ಹಳೆಯ ಅಲಾಯ್. ಕಾರಿನ ತೂಕ ಸುಮಾರು 1,200 ಕೆ.ಜಿ. ಅದರಿಂದ 60 ಕೆ.ಜಿ. ಇಳಿಸಿದರೆ ವೇಗ ಹಿಡಿಯುವಾಗ ಶೇ 5ರಷ್ಟು ಪವರ್ ಹೆಚ್ಚಿಸಿದ ಹಾಗೆ. ನಿಮ್ಮ ಇಡೀ ಪಟ್ಟಿಯಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ, ಖಚಿತವಾಗಿ ಸಿಗುವ ಲಾಭ ಇದೊಂದೇ. ಒಳ್ಳೆಯ ಟೈರ್ ಮತ್ತು ಬ್ರೇಕ್ ಪ್ಯಾಡಿನ ಬಗ್ಗೆಯೂ ಬರೆಯಬಹುದು, ಆದರೆ ನಿಮ್ಮ ಶೀರ್ಷಿಕೆ ಪವರ್ ಎನ್ನುತ್ತದೆ. ವಿಷಯ ಬದಲಿಸುವುದಾದರೆ ಶೀರ್ಷಿಕೆಯಲ್ಲೇ ಹೇಳಿಬಿಡಿ.

ಕ್ಯಾಟ್ ಕಿತ್ತುಹಾಕಿ ಎಂಬ ಸಲಹೆಯನ್ನು ನಾನು ಯಾವ ರೂಪದಲ್ಲೂ ಪ್ರಕಟಿಸುವುದಿಲ್ಲ. ನಾವೆಲ್ಲ ಉಸಿರಾಡುವ ಗಾಳಿ ಅದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಿಮ್ಮ ಹತ್ತು ದಾರಿಗಳಲ್ಲಿ ಯಾವುದು ಟ್ರ್ಯಾಕಿಗೆ ಮಾತ್ರ, ಯಾವುದು ರಸ್ತೆಗೆ ಎಂಬುದು ಓದುಗರಿಗೆ ಮೊದಲೇ ಗೊತ್ತಾಗಬೇಕು.

ಹೊಸ ಕರಡು ಸಿಲ್ಕ್ ಬೋರ್ಡಿನ ಆ 58 ಡಿಗ್ರಿಯಿಂದಲೇ ಶುರುವಾಗಲಿ. ‘ಹತ್ತು ದಾರಿಗಳು’ ಬೇಡ. ನೀವು ನಿಜವಾಗಿ ಮಾಡಿ ಅಳೆದದ್ದು ಮೂರೇ ಇದ್ದರೆ ಮೂರೇ ಸಾಕು. ಒಂದು ಕೆಲಸದಿಂದ ಏನೂ ಸಿಗಲಿಲ್ಲ ಎಂದಾದರೆ ಅದನ್ನೂ ಅಷ್ಟೇ ವಿವರವಾಗಿ ಬರೆಯಿರಿ. ಡೈನೊ ಶೀಟುಗಳ ಮೂಲ ಪ್ರತಿ, ನೀರಿನ ಟ್ಯೂಬಿನ ಫೋಟೋ, ಬಿಲ್ಲುಗಳ ಪಟ್ಟಿ ಜೊತೆಗಿರಲಿ. ಡೈನೊ ಬಾಡಿಗೆ ಭಾರವೆನಿಸಿದರೆ ತಿಳಿಸಿ, ಪತ್ರಿಕೆಯ ಕಡೆಯಿಂದ ಅರ್ಧ ಕೊಡಲು ಕೇಳಿ ನೋಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ