ತಂಗಡಿ ಸಾರ ಹೆಚ್ಚಿದಷ್ಟೂ ಕ್ಯಾನ್ಸರ್ ಕೋಶ ಹೆಚ್ಚಾದಂತೆ ಕಾಣುವುದೇಕೆ?

ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ತಂಗಡಿ ಗಿಡದ ಎಲೆಯ ಮೆಥನಾಲ್ ಸಾರ ಹೆಚ್ಚಿದಷ್ಟೂ, ಕೋಶಗಳ ಉಳಿವನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯಲ್ಲಿ, ಎ375 ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳ ಉಳಿವು ಸಾರ ಹಾಕದ ಕೋಶಗಳಿಗೆ ಹೋಲಿಸಿದರೆ ಶೇ. 100 ದಾಟುತ್ತಿದೆ ಎಂದಿದ್ದೀರಿ. ಬಹುಶಃ ಸಾರವೇ ಎಂಟಿಟಿಯನ್ನು ಅಪಕರ್ಷಿಸುತ್ತಿದೆ, ಎಂದರೆ ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಬಣ್ಣ ಬದಲಿಸುತ್ತಿದೆ. ಹಳದಿ ಎಂಟಿಟಿಯನ್ನು ನೇರಳೆ ಫಾರ್ಮಜಾನ್ ಆಗಿಸುವುದು ಜೀವಂತ ಕೋಶಗಳ ಕಿಣ್ವಗಳು ಮಾತ್ರವಲ್ಲ, ತಂಗಡಿಯಲ್ಲಿ ತುಂಬಿರುವ ಪಾಲಿಫೀನಾಲ್‌ಗಳೂ ಹಾಗೆ ಮಾಡಬಲ್ಲವು. ಬಣ್ಣ ಅಳೆಯುವ ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯದು.

ಮೊದಲು ಕೋಶಗಳಿಲ್ಲದ ವೆಲ್‌ಗಳಲ್ಲಿ (ಪ್ಲೇಟಿನ ಪುಟ್ಟ ಗುಳಿಗಳಲ್ಲಿ) ಕೋಶ ಬೆಳೆಸುವ ಮಾಧ್ಯಮ, ಪ್ರತಿ ಪ್ರಮಾಣದ ಸಾರ, ಎಂಟಿಟಿ ಇಷ್ಟನ್ನೇ ಹಾಕಿ 570 ನ್ಯಾನೊಮೀಟರ್ ಬೆಳಕಿನಲ್ಲಿ ಓದಿ. ಅಲ್ಲೂ ನೇರಳೆ ಬಂದರೆ ಕಾರಣ ಸಿಕ್ಕಿತು. ಬಾರದಿದ್ದರೆ ಸಾರದ ಸ್ವಂತ ಬಣ್ಣವೇ ಇರಬಹುದು. ಎಂಟಿಟಿ ಹಾಕದ ವೆಲ್‌ಗಳನ್ನೂ ಓದಿ ಕಳೆಯಿರಿ.

ಮುಂದಿನ ಪ್ಲೇಟಿನಲ್ಲಿ ಸಾರವಿರುವ ಮಾಧ್ಯಮವನ್ನು ತೆಗೆದು, ಬೆಚ್ಚಗಿನ ಪಿಬಿಎಸ್‌ನಿಂದ (ಫಾಸ್ಫೇಟ್ ಬೆರೆತ ಉಪ್ಪುನೀರಿನಿಂದ) ಎರಡು ಬಾರಿ ತೊಳೆದು, ಆಮೇಲೆ ಹೊಸ ಮಾಧ್ಯಮದಲ್ಲಿ ಎಂಟಿಟಿ ಕೊಡಿ. ಪಿಪೆಟ್ ತುದಿಯನ್ನು ವೆಲ್‌ನ ಗೋಡೆಗೆ ತಾಗಿಸಿ ಮೆಲ್ಲಗೆ ಇಳಿಬಿಡಿ. ನಡುವೆ ಸುರಿದರೆ ಕೋಶಗಳು ಕಿತ್ತು ಬರುತ್ತವೆ, ಸಾರವೇ ಕೊಂದಂತೆ ಕಾಣುತ್ತದೆ. ಸಾರ ಕರಗಿಸುವ ಡಿಎಂಎಸ್‌ಒ ದ್ರಾವಕ ಶೇ. 0.5 ಮೀರದಿರಲಿ, ಸಾರ ಹಾಕದ ಕಂಟ್ರೋಲ್‌ಗೂ ಅಷ್ಟೇ ಹಾಕಿ.

ತೊಳೆದರೂ ಕೋಶದೊಳಗೆ ಹೊಕ್ಕ ಪಾಲಿಫೀನಾಲ್ ಉಳಿದಿರಬಹುದು. ಆದ್ದರಿಂದ ಎಸ್‌ಆರ್‌ಬಿ (ಸಲ್ಫೊರೊಡಮಿನ್ ಬಿ) ಎಂಬ ಬಣ್ಣದ ವಿಧಾನದಲ್ಲೂ ನೋಡಿ. ಆ ಬಣ್ಣ ಪ್ರೋಟೀನಿಗೆ ಅಂಟುತ್ತದೆ, ಅಪಕರ್ಷಣೆಯ ಗೊಡವೆಯಿಲ್ಲ. ಜೊತೆಗೆ ಕ್ಯಾನ್ಸರ್ ಅಲ್ಲದ ಹಾಕ್ಯಾಟ್ ಚರ್ಮಕೋಶಗಳನ್ನೂ ಇಡಿ. ಎರಡನ್ನೂ ಸಮನಾಗಿ ಕೊಲ್ಲುವ ಸಾರವನ್ನು ದಯವಿಟ್ಟು ‘ಚರ್ಮದ ಕ್ಯಾನ್ಸರ್‌ಗೆ ಮದ್ದು’ ಎಂದು ಬರೆಯಬೇಡಿ. ಅಂಥ ಸಾಲನ್ನು ನಂಬಿ ಆಸ್ಪತ್ರೆ ಬಿಟ್ಟು ಸೊಪ್ಪು ಅರೆದು ಹಚ್ಚಿಕೊಳ್ಳುವವರು ನಮ್ಮ ಊರುಗಳಲ್ಲಿ ಇದ್ದಾರೆ.

ಕೋಶರಹಿತ ಪರೀಕ್ಷೆಗೆ ಈಗ ಉಳಿದಿರುವ ಸಾರವೇ ಸಾಕು, ನಾಲ್ಕು ಗಂಟೆಯಲ್ಲಿ ಉತ್ತರ ಸಿಗುತ್ತದೆ.