ಹಳೆಯ ಪ್ರಿಂಟರ್ ಇರುವ ಮನೆಗೆ ಯಾವ ವೈಫೈ ಭದ್ರತೆ?

ರೌಟರ್‌ನಲ್ಲಿ ವೈಫೈ ಭದ್ರತೆಯ ಹೊಸ ಮಾನದಂಡವಾದ ಡಬ್ಲ್ಯುಪಿಎ3 (WPA3) ಆರಿಸಿದ ಕೂಡಲೇ ಹಳೆಯ ಪ್ರಿಂಟರ್ ಸಂಪರ್ಕ ಕಳೆದುಕೊಳ್ಳುತ್ತದೆ, ಹಾಗಾದರೆ ಅದರ ಹಿಂದಿನ ಡಬ್ಲ್ಯುಪಿಎ2ಕ್ಕೇ ಮರಳಬೇಕೇ ಎಂದು ತಾವು ಕೇಳಿದ್ದೀರಿ. ಪೂರ್ತಿ ಮರಳಬೇಕಿಲ್ಲ. ರೌಟರ್‌ನಲ್ಲಿ ಎರಡನ್ನೂ ಒಟ್ಟಿಗೆ ಒದಗಿಸುವ ಮಿಶ್ರ ಆಯ್ಕೆಯಿದ್ದರೆ ಅದನ್ನು ಆರಿಸಿ. ಹೊಸ ಫೋನುಗಳು ಡಬ್ಲ್ಯುಪಿಎ3ರಲ್ಲಿಯೂ ಪ್ರಿಂಟರ್ ಡಬ್ಲ್ಯುಪಿಎ2ರಲ್ಲಿಯೂ ಸೇರಿಕೊಳ್ಳುತ್ತವೆ. ಅದೂ ಒಗ್ಗದಿದ್ದರೆ ಹಳೆಯ ಸಾಧನಗಳು ಸಾಮಾನ್ಯವಾಗಿ ಬಳಸುವ 2.4 ಗಿಗಾಹರ್ಟ್ಸ್ ಜಾಲಕ್ಕೆ ಮಾತ್ರ ಡಬ್ಲ್ಯುಪಿಎ2 ಇಟ್ಟು, ಗೂಢಲಿಪೀಕರಣಕ್ಕೆ (ಮಾಹಿತಿಯನ್ನು ಇತರರು ಓದಲಾಗದಂತೆ ಮಾಡುವ ವಿಧಾನಕ್ಕೆ) ಎಇಎಸ್ (AES) ಅನ್ನೇ ಆಯ್ದುಕೊಳ್ಳಿ. ಹಳೆಯ, ದುರ್ಬಲ ವಿಧಾನವಾದ ಟಿಕೆಐಪಿಯನ್ನು (TKIP) ದಯವಿಟ್ಟು ಮುಟ್ಟಬೇಡಿ.

ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಪಾಸ್‌ವರ್ಡ್. ಡಬ್ಲ್ಯುಪಿಎ2ರಲ್ಲಿ ಸಾಧನವೊಂದು ಜಾಲಕ್ಕೆ ಸೇರುವಾಗ ನಡೆಯುವ ಸಂದೇಶ ವಿನಿಮಯವನ್ನು ಹತ್ತಿರದಲ್ಲಿರುವ ಯಾರಾದರೂ ಸೆರೆಹಿಡಿದುಕೊಂಡು ಹೋಗಿ, ತಮ್ಮ ಕಂಪ್ಯೂಟರ್‌ನಲ್ಲಿ ಬಿಡುವಾಗಿ ಲಕ್ಷಾಂತರ ಪದಗಳನ್ನು ಪರೀಕ್ಷಿಸಿ ನೋಡಬಹುದು. 2018ರಲ್ಲಿ ಬಂದ ಡಬ್ಲ್ಯುಪಿಎ3 ಈ ದಾರಿಯನ್ನು ಮುಚ್ಚಿತು. ಆದರೆ ಮಿಶ್ರ ಆಯ್ಕೆಯಲ್ಲಿ ಎರಡಕ್ಕೂ ಒಂದೇ ಪಾಸ್‌ವರ್ಡ್ ಇರುವುದರಿಂದ ಆ ಹಳೆಯ ದೌರ್ಬಲ್ಯ ಉಳಿದೇ ಇರುತ್ತದೆ. ನಿಯಮದಂತೆ 8ರಿಂದ 63 ಅಕ್ಷರಗಳಿಗೆ ಅವಕಾಶವಿದೆ. ಪರಸ್ಪರ ಸಂಬಂಧವಿಲ್ಲದ ಐದಾರು ಪದಗಳನ್ನು ಜೋಡಿಸಿ, 20 ಅಕ್ಷರಗಳನ್ನಾದರೂ ದಾಟಿಸಿ.

ಪಾಸ್‌ವರ್ಡ್ ಬರೆಯದೆ ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ಸಾಧನಗಳನ್ನು ಸೇರಿಸುವ ಡಬ್ಲ್ಯುಪಿಎಸ್ (WPS) ಸೌಲಭ್ಯವನ್ನೂ ಆಫ್ ಮಾಡಿಬಿಡಿ. ಅದರ 8 ಅಂಕಿಗಳ ಪಿನ್ ಎರಡು ಭಾಗಗಳಾಗಿ ಪರಿಶೀಲನೆಗೊಳ್ಳುವುದರಿಂದ, ಸುಮಾರು 11,000 ಪ್ರಯತ್ನಗಳಲ್ಲಿ ಅದನ್ನು ಪತ್ತೆಹಚ್ಚಬಹುದೆಂಬುದು 2011ರಲ್ಲೇ ಬಯಲಾಗಿದೆ.