ಅಮ್ಮನ ಸುದ್ದಿ ಅಮ್ಮನಿಂದಲೇ ಸಿಗುವುದಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ತಾಯಿಗೆ 76 ವರ್ಷ. ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆ ಎಂದು ಗೊತ್ತಾಗಿ ಎರಡು ವರ್ಷವಾಗಿದೆ. ಸಾಗರದ ಕಡೆಯ ಹಳ್ಳಿಯಲ್ಲಿ ಕಿರಿಯ ಮಗ, ಸೊಸೆಯ ಜೊತೆ ಇದ್ದಾರೆ. ಆಪ್ತಸಲಹೆಗೆ ಬಂದವರು ನ್ಯೂಜೆರ್ಸಿಯಲ್ಲಿರುವ ಹಿರಿಯ ಮಗ. ದಿನಾ ಫೋನ್ ಮಾಡುತ್ತಾರೆ. ಅಮ್ಮ ಒಂದು ದಿನ "ಎಲ್ಲ ಚೆನ್ನಾಗಿದೀವಿ, ನೀನ್ಯಾವಾಗ ಬರ್ತೀಯ" ಎನ್ನುತ್ತಾರೆ, ಮರುದಿನ "ಇವಳು ಮೂರು ದಿನದಿಂದ ಊಟ ಹಾಕಿಲ್ಲ" ಎಂದು ಅಳುತ್ತಾರೆ. ತಮ್ಮನನ್ನು ಕೇಳಿದರೆ "ಹಾಗೇ ಇದಾರೆ ಅಣ್ಣ", ಅಷ್ಟೇ. ಅನುಮಾನ ಬಲಿತು, ಹೋದ ಸಲ ಬಂದಾಗ ಅಡುಗೆಮನೆಗೂ ಅಮ್ಮನ ಕೋಣೆಗೂ ಕ್ಯಾಮೆರಾ ಹಾಕಿಸಿದ್ದರು. ಅಂದಿನಿಂದ ತಮ್ಮನ ಹೆಂಡತಿ ಭಾವನ ಫೋನ್ ಎತ್ತುತ್ತಿಲ್ಲ.

ಎರಡನೇ ಭೇಟಿಗೆ ಅಣ್ಣ, ತಮ್ಮ, ಸೊಸೆ ಮೂವರನ್ನೂ ಒಟ್ಟಿಗೆ ಕೂರಿಸಿದೆವು.

ಮೊದಲು ಊಟದ ದೂರು. ಈ ಕಾಯಿಲೆಯಲ್ಲಿ ಹೊಸ ನೆನಪನ್ನು ಕೂಡಿಡುವ ಮಿದುಳಿನ ಭಾಗ ಬೇಗ ಸವೆಯುತ್ತದೆ. ಅರ್ಧ ಗಂಟೆ ಹಿಂದೆ ಉಂಡದ್ದು ಅವರ ಪಾಲಿಗೆ ನಡೆದೇ ಇಲ್ಲ, ಸುಳ್ಳು ಹೇಳುತ್ತಿಲ್ಲ. "ಚೆನ್ನಾಗಿದೀವಿ" ಎಂಬುದೂ ಸುದ್ದಿಯಲ್ಲ, ಜನ್ಮವಿಡೀ ಆಡಿ ರೂಢಿಯಾದ ಮಾತು. ಹಾಗೆಂದು ದೂರನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ತೂಕದ ಯಂತ್ರದಲ್ಲಿದೆ. ಪ್ರತಿ ತಿಂಗಳ 1ನೇ ತಾರೀಖು, ಬೆಳಗ್ಗೆ ತಿಂಡಿಗೆ ಮೊದಲು, ಅದೇ ಯಂತ್ರದ ಮೇಲೆ ನಿಲ್ಲಿಸಿ ತೂಕ ಬರೆದಿಡಬೇಕು. 50 ಕೆ.ಜಿ. ಇದ್ದವರು ಆರು ತಿಂಗಳಲ್ಲಿ 47.5ಕ್ಕೆ ಇಳಿದರೆ ವೈದ್ಯರಿಗೆ ತೋರಿಸಲೇಬೇಕು. ಈ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಮಾತ್ರೆ ಹಸಿವು ಕೆಡಿಸಬಹುದು, ಹಲ್ಲಿನ ಸೆಟ್ ಸಡಿಲವಾಗಿರಬಹುದು, ಅಗಿಯುವುದೇ ಮರೆತಿರಬಹುದು. ತೂಕ ಇಳಿಯದಿದ್ದರೆ ಸೊಸೆಯ ಮೇಲಿನ ಅಪವಾದವೂ ಇಳಿಯುತ್ತದೆ. ಈ ಮನೆಗೆ ಅದು ಔಷಧಿಯಷ್ಟೇ ಮುಖ್ಯವಾಗಿತ್ತು.

ಹಿರಿಯ ಮಗ ಕೆಲಸಕ್ಕೆ ಹೊರಡುವ ಮುನ್ನ, ಅಲ್ಲಿನ ಬೆಳಗ್ಗೆ 8ಕ್ಕೆ ಕರೆ ಮಾಡುತ್ತಿದ್ದರು. ಚಳಿಗಾಲದಲ್ಲಿ ಇಲ್ಲಿ ಆಗ ಸಂಜೆ 6:30. ಡಿಮೆನ್ಷಿಯಾ (ಆಲ್‌ಝೈಮರ್‌ನಂಥ ಮರೆವಿನ ಕಾಯಿಲೆ) ಇರುವ ಅನೇಕರಿಗೆ ಚಡಪಡಿಕೆ, ಅನುಮಾನ, "ಮನೆಗೆ ಹೋಗಬೇಕು" ಎಂಬ ಹಟ ಹೆಚ್ಚುವುದೇ ಮುಸ್ಸಂಜೆಗೆ. ಅಳು ಬರುತ್ತಿದ್ದ ಕರೆಗಳೆಲ್ಲ ಆ ಹೊತ್ತಿನವು. ಕರೆಯನ್ನು ಅಲ್ಲಿನ ರಾತ್ರಿ 10:30ಕ್ಕೆ, ಅಂದರೆ ಇಲ್ಲಿನ ಬೆಳಗ್ಗೆ 9ಕ್ಕೆ ಬದಲಿಸಲು ಹೇಳಿದೆವು. "ಯಾರು ಹೇಳು ನೋಡೋಣ" ಎಂದು ಪರೀಕ್ಷೆ ಮಾಡದೆ "ಅಮ್ಮ, ನಾನು ನಿನ್ನ ದೊಡ್ಡ ಮಗ" ಎಂದೇ ಶುರುಮಾಡಬೇಕು. ಊಟ, ಮಾತ್ರೆಗಳ ಪ್ರಶ್ನೆ ಬೇಡ. ತೋಟ, ಹಳೆಯ ನೆಂಟರು, ಹಾಡು, ಹತ್ತು ನಿಮಿಷ ಸಾಕು. ಆ ಕರೆ ಪ್ರೀತಿಗೆ, ಮಾಹಿತಿಗಲ್ಲ.

ಮಾಹಿತಿ ಕೊಡಬೇಕಾದವರು ಸೊಸೆ. "ಹೇಗಿದ್ದಾರೆ" ಎಂದು ಕೇಳಿದರೆ "ಹಾಗೇ ಇದ್ದಾರೆ" ಎಂಬ ಉತ್ತರವೇ ಬರುತ್ತದೆ. ಅದಕ್ಕೆ ಭಾನುವಾರಕ್ಕೊಂದು ವಾಟ್ಸಾಪ್ ಧ್ವನಿ ಸಂದೇಶ, ಎರಡು ನಿಮಿಷದ್ದು: ರಾತ್ರಿ ಎಷ್ಟು ಸಲ ಎದ್ದರು, ಎಷ್ಟು ದಿನಕ್ಕೊಮ್ಮೆ ಮಲವಿಸರ್ಜನೆ, ಸ್ನಾನಕ್ಕೆ ಒಪ್ಪಿದರೇ, ಬಿದ್ದರೇ, ಈ ವಾರ ಹೊಸದಾಗಿ ಮರೆತ ಕೆಲಸ ಯಾವುದು. ಖಾಲಿಯಾದ ಮಾತ್ರೆ ಪಟ್ಟಿಯ ಫೋಟೊ ಒಂದು. ಕಾಣುವುದನ್ನಷ್ಟೇ ಹೇಳಬೇಕು, ಸಮಜಾಯಿಷಿ ಕೊಡಬೇಕಾಗಿಲ್ಲ. ಹಿರಿಯ ಮಗ ತಪ್ಪದೆ ಉತ್ತರಿಸಬೇಕು, ಮೊದಲು "ನೀನು ಹೇಗಿದೀಯಮ್ಮ" ಎಂದು ಕೇಳಿ.

ಭಾನುವಾರಕ್ಕೆ ಕಾಯಬಾರದ ಸಂಗತಿಯೊಂದಿದೆ. ಡಿಮೆನ್ಷಿಯಾ ತಿಂಗಳುಗಳಲ್ಲಿ ಮೆಲ್ಲನೆ ಏರುತ್ತದೆ. ಒಂದೆರಡು ದಿನದಲ್ಲೇ ಗೊಂದಲ ಹೆಚ್ಚಿದರೆ, ಇಲ್ಲದವರು ಕಂಡರೆ, ಹಗಲೂ ಮಂಪರಾಗಿ ಮಲಗಿದರೆ ಅದು ಬೇರೆ ತೊಂದರೆ: ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಕೆ, ಮಲಬದ್ಧತೆ, ನಿರ್ಜಲೀಕರಣ, ಅಥವಾ ಅಂಗಡಿಯಿಂದ ತಂದ ನೆಗಡಿ ಮಾತ್ರೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೂರನೇ ವಾರದಲ್ಲೇ ಇಂಥದ್ದು ಬಂತು. ಸೊಸೆ ಗುರುವಾರವೇ ಸಂದೇಶ ಕಳಿಸಿದರು, ಮೂತ್ರಪರೀಕ್ಷೆಯಲ್ಲಿ ಸೋಂಕು ಕಂಡಿತು, ಚಿಕಿತ್ಸೆಯಾಗಿ ವಾರದಲ್ಲಿ ಅತ್ತೆ ಬಹುಮಟ್ಟಿಗೆ ಮೊದಲಿನಂತಾದರು. ಕ್ಯಾಮೆರಾ ಇದನ್ನು ಹೇಳುತ್ತಿರಲಿಲ್ಲ.

ಅಡುಗೆಮನೆಯ, ಕೋಣೆಯ ಕ್ಯಾಮೆರಾ ತೆಗೆಸಿದೆವು. ಬಟ್ಟೆ ಬದಲಿಸುವ ಜಾಗದಲ್ಲಿ ಅದು ಇರಲೇಬಾರದು. ರಾತ್ರಿ ಹೊರಗೆ ಹೋಗುವ ಭಯವಿದ್ದುದರಿಂದ ಮುಂಬಾಗಿಲ ಬಳಿ ಒಂದು ಉಳಿಯಿತು, ಮನೆಯವರೆಲ್ಲರಿಗೂ ಗೊತ್ತಿದ್ದು. ಕ್ಯಾಮೆರಾಕ್ಕೆ ಹಾಕುವ ಹಣ, ಬೆಳಗ್ಗೆ ನಾಲ್ಕು ತಾಸು ನೋಡಿಕೊಳ್ಳುವ ಸಹಾಯಕಿಗೆ ಹೋಗಲಿ ಎಂದೆವು. ಹಿರಿಯ ಮಗ ತಕ್ಷಣ ಒಪ್ಪಿದರು. ರಾತ್ರಿ ಸೊಸೆಗೆ ತಡೆಯಲಾಗದಷ್ಟು ದಣಿವಾದರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸವಲತ್ತುಗಳ ಬಗ್ಗೆ ಕೇಳಲು ಹಿರಿಯರ ಸಹಾಯವಾಣಿ 14567 ಸಂಖ್ಯೆಗಳನ್ನು ಕೊಟ್ಟೆವು.

ವೈದ್ಯರ ಭೇಟಿಯ ದಿನ ತಮ್ಮ ಸ್ಪೀಕರ್ ಹಾಕಿ ಅಣ್ಣನನ್ನೂ ಸೇರಿಸಿಕೊಳ್ಳುತ್ತಾರೆ. ಬಾಕಿ ಇರುವುದು ಬ್ಯಾಂಕಿನ ಕೆಲಸ. ಅಮ್ಮನಿಂದ ಮುಖ್ತಾರ್‌ನಾಮೆ (ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಪವರ್ ಆಫ್ ಅಟಾರ್ನಿ) ಬರೆಸಿಕೊಂಡರೆ ಮುಗಿಯಿತು ಎಂದುಕೊಂಡಿದ್ದರು. ನಮ್ಮ ಕಾನೂನಿನಲ್ಲಿ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಅದು ಊರ್ಜಿತವಲ್ಲ. ಅಮ್ಮನಿಗೆ ಇನ್ನೂ ತಿಳಿಯುವ ಬೆಳಗಿನ ಹೊತ್ತಿನಲ್ಲಿ, ಅವರ ಒಪ್ಪಿಗೆ ಕೇಳಿ ಕಿರಿಯ ಮಗನ ಹೆಸರನ್ನು ಖಾತೆಗೆ ಜಂಟಿಯಾಗಿ ಸೇರಿಸುವ ಬಗ್ಗೆ ವಕೀಲರನ್ನು ಕಾಣಲು ಹೇಳಿದೆವು, ಈ ತಿಂಗಳಲ್ಲೇ.